ಪಿಂಕ್ ಅಂಡ್ ವೈಟ್ ಉಗುರು: ಲೇಬಲ್ ಇಲ್ಲದ ಬಾಟಲಿಗೆ ಬೆರಳು ಕೊಡಬೇಡಿ

ಏಪ್ರಿಲ್ ಕೊನೆಯ ವಾರ, ಬಳ್ಳಾರಿ. ಮದುವೆಗೆ ನಾಲ್ಕು ದಿನ ಇರುವಾಗ ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಪಾರ್ಲರ್‌ನಲ್ಲಿ ಕೂತು ಹತ್ತೂ ಬೆರಳಿಗೆ ಪಿಂಕ್ ಅಂಡ್ ವೈಟ್ ಅಕ್ರಿಲಿಕ್, ಅಂದರೆ ತುದಿ ಬಿಳಿ, ಉಳಿದದ್ದು ಪಿಂಕ್ ಇರುವ ಕೃತಕ ಉಗುರು, ಹಾಕಿಸಿಕೊಂಡಳು. ಫೋಟೊದಲ್ಲಿ ನೋಡಿದರೆ ಕೆಲಸ ಚೆನ್ನಾಗೇ ಇದೆ. ಬಿಳಿ ಮತ್ತು ಪಿಂಕ್ ಸೇರುವ ಸ್ಮೈಲ್ ಲೈನ್ ಅಂತೂ ಕೊರೆದಿಟ್ಟ ಹಾಗಿದೆ. ಮೂರನೇ ದಿನ ಕಾರಿನ ಬಾಗಿಲು ಹಾಕುವಾಗ ಎಡಗೈಯ ಉಂಗುರದ ಬೆರಳು ತಗುಲಿತು. ಅಂಟಿಸಿದ ಉಗುರು ಮುರಿಯಲಿಲ್ಲ. ಮುರಿದಿದ್ದರೆ ಬಚಾವಾಗುತ್ತಿದ್ದಳು. ಅದು ಅವಳದೇ ಉಗುರನ್ನು ಅರ್ಧದವರೆಗೆ ಕಿತ್ತುಕೊಂಡು ಎದ್ದಿತು. ಅಕ್ಷತೆ ಬೀಳುವ ಹೊತ್ತಿಗೆ ಬೆರಳಿಗೆ ಬ್ಯಾಂಡೇಜ್.

ಹದಿನೈದು ದಿನದ ಮೇಲೆ ಉಳಿದ ಒಂಬತ್ತನ್ನು ತೆಗೆಸಲು ಬೇರೆ ಕಡೆ ಹೋದಳು. ಅಸಿಟೋನ್‌ನಲ್ಲಿ ಮುಕ್ಕಾಲು ಗಂಟೆ ನೆನೆಸಿದರೂ ಮೆತ್ತಗಾಗಲಿಲ್ಲ. ಉಜ್ಜಿ ಉಜ್ಜಿ ತೆಳುಮಾಡಿದ ಮೇಲೆ ಕಂಡದ್ದು ಇದು: ಹೆಚ್ಚುಕಮ್ಮಿ ಎಲ್ಲ ಉಗುರಿನ ಬುಡದ ಹತ್ತಿರ ಕೆಂಪು ಪಟ್ಟಿ, ಎರಡು ಬೆರಳಲ್ಲಿ ಹಸಿರು ಕಲೆ, ಹೆಬ್ಬೆರಳ ಸುತ್ತ ತುರಿಕೆಯ ಗುಳ್ಳೆ. ಇಷ್ಟೂ ಆ ಚೆಂದದ ಬಿಳಿ ಗೆರೆಯ ಅಡಿಯಲ್ಲೇ ಇತ್ತು.

ಮೊದಲು ಬಾಟಲಿ. ಅಕ್ರಿಲಿಕ್ ಅಂದರೆ ಒಂದು ಪೌಡರ್, ಒಂದು ಲಿಕ್ವಿಡ್. ಬ್ರಷ್‌ನ ತುದಿಯಲ್ಲಿ ಎರಡೂ ಸೇರಿ ಮಣಿಯಾಗುತ್ತದೆ, ಅದೇ ಬೀಡ್. ಉಗುರಿಗೆ ಬಳಸಬೇಕಾದ ಲಿಕ್ವಿಡ್ ಈಥೈಲ್ ಮೆಥಾಕ್ರಿಲೇಟ್, ಅಂದರೆ ಇಎಂಎ. ಅದಕ್ಕಿಂತ ಅಗ್ಗವಾಗಿ ಸಿಗುವುದು ಮೀಥೈಲ್ ಮೆಥಾಕ್ರಿಲೇಟ್, ಎಂಎಂಎ. ಹಲ್ಲಿನ ಸೆಟ್ ಕಟ್ಟುವ ಲ್ಯಾಬ್‌ಗಳಲ್ಲಿ ಬಳಸುವ ಲಿಕ್ವಿಡ್ ಇದೇ. ಅಲ್ಲಿ ಅದಕ್ಕೆ ಅದರ ಕೆಲಸ ಇದೆ, ಉಗುರಿನ ಮೇಲೆ ಇಲ್ಲ. ಎಂಎಂಎ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಾಗುವುದಿಲ್ಲ. ಪೆಟ್ಟು ಬಿದ್ದಾಗ ಅಕ್ರಿಲಿಕ್ ಮುರಿಯುವ ಬದಲು ಅಡಿಯ ಉಗುರೇ ಹರಿಯುತ್ತದೆ. ಕಾರಿನ ಬಾಗಿಲಲ್ಲಿ ಆದದ್ದು ಅದು. ಅಮೆರಿಕದಲ್ಲಿ ಔಷಧ, ಸೌಂದರ್ಯವರ್ಧಕಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಗಾಯ, ಅಲರ್ಜಿಯ ದೂರುಗಳನ್ನು ನೋಡಿ ನೂರಕ್ಕೆ ನೂರು ಎಂಎಂಎ ಇರುವ ಉಗುರಿನ ಲಿಕ್ವಿಡ್‌ಗಳ ಮೇಲೆ ಕೋರ್ಟಿನವರೆಗೂ ಹೋಗಿತ್ತು. ಐವತ್ತು ವರ್ಷ ಹಳೆಯ ಸಂಗತಿ, ಆದರೂ ಅದು ಇನ್ನೂ ದೊಡ್ಡ ಕ್ಯಾನ್‌ನಿಂದ ಸಣ್ಣ ಬಾಟಲಿಗೆ ಸುರಿದು ಮಾರಾಟವಾಗುತ್ತಿದೆ.

ವಾಸನೆಯ ಮೇಲೆ ಪೂರ್ತಿ ನಂಬಿಕೆ ಬೇಡ, ಎರಡೂ ಘಾಟೇ. ಲೇಬಲ್ ನೋಡಿ. ಸಿಎಎಸ್ ಅಂತ ಒಂದು ನಂಬರ್ ಇರುತ್ತದೆ, ಅದು ರಾಸಾಯನಿಕದ ಗುರುತಿನ ಸಂಖ್ಯೆ: 97-63-2 ಇದ್ದರೆ ಇಎಂಎ, 80-62-6 ಇದ್ದರೆ ಎಂಎಂಎ. ಲೇಬಲ್ಲೇ ಇಲ್ಲದಿದ್ದರೆ, ಅಥವಾ ಅದು ನೀರಿನ ಬಾಟಲಿಯಾಗಿದ್ದರೆ, ಕುರ್ಚಿಯಿಂದ ಎದ್ದುಬಿಡಿ. "ಎಲ್ಲಾರೂ ಇದನ್ನೇ ಹಾಕ್ತಾರ್ರಿ ಅಕ್ಕ" ಅಂದರೂ ಎದ್ದುಬಿಡಿ.

ಆದರೆ ಎಂಎಂಎ ಕೂಡ ಬರೀ ಸವರಿದ ಉಗುರಿಗೆ ಅಷ್ಟು ಬಿಗಿಯಾಗಿ ಕಚ್ಚುವುದಿಲ್ಲ. ಅದಕ್ಕೇ ಉಗುರನ್ನು ಮೊದಲೇ ಚೆನ್ನಾಗಿ ಕೆರೆಯುತ್ತಾರೆ. ಆ ಹುಡುಗಿ "ಉರಿತೈತ್ರಿ" ಅಂದಳಂತೆ. ಬಂದ ಉತ್ತರ: "ಸ್ವಲ್ಪ ತಡ್ಕೊಳ್ರಿ, ಗಟ್ಟಿ ಹಿಡೀಬೇಕಲ್ಲ." ಇದು ಪೂರ್ತಿ ತಪ್ಪು ತಿಳಿವಳಿಕೆ. ಅಕ್ರಿಲಿಕ್‌ಗೆ ಬೇಕಾದದ್ದು ಎಣ್ಣೆ, ನೀರಿನ ಅಂಶ ಹೋದ, ಹೊಳಪು ಮಾತ್ರ ತೆಗೆದ ಉಗುರು. 180 ಗ್ರಿಟ್ (ಒರಟಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ಫೈಲ್‌ನಿಂದ ಉಗುರು ಬೆಳೆಯುವ ದಿಕ್ಕಿಗೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ಆ ಕೆಲಸ ಮುಗಿಯಿತು. ಡ್ರಿಲ್ ಅಕ್ರಿಲಿಕ್ ಮೇಲೆ ಓಡಬೇಕು, ಸ್ವಂತ ಉಗುರಿನ ಮೇಲಲ್ಲ. ಡ್ರಿಲ್‌ನ ತಿರುಗುವ ತುದಿ, ಅಂದರೆ ಬಿಟ್ ಅನ್ನು ಸಪಾಟಾಗಿ ಹಿಡಿಯದೆ ಓರೆ ಹಿಡಿದು ಬುಡದಲ್ಲಿ ಒತ್ತಿದರೆ ಉಗುರಿನಲ್ಲಿ ಗಾಲಿ ಹರಿದಂತೆ ಹಳ್ಳ ಬೀಳುತ್ತದೆ, ಆ ಕೆಂಪು ಪಟ್ಟಿ ಅದೇ. ಹಳ್ಳ ಉಗುರಿನ ಜೊತೆಗೇ ಬೆಳೆದು ತುದಿ ತಲುಪಿ ಕತ್ತರಿಸುವ ತನಕ ಹೋಗುವುದಿಲ್ಲ.

ನಿಜವಾಗಿ ಅಂಟು ಕೆಡುವುದು ಇನ್ನೊಂದು ಕಡೆ. ಕ್ಯೂಟಿಕಲ್, ಅಂದರೆ ಉಗುರಿನ ಬುಡದ ಚರ್ಮವನ್ನು ಹಿಂದೆ ತಳ್ಳಿದ ಮೇಲೆ ಉಗುರಿಗೆ ಅಂಟಿಕೊಂಡು ಒಂದು ತೆಳು ಪೊರೆ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬಿಟ್ಟು ಮೇಲೆ ಅಕ್ರಿಲಿಕ್ ಹಾಕಿದರೆ ಎಂಥಾ ಪ್ರೈಮರ್ (ಅಕ್ರಿಲಿಕ್ ಉಗುರಿಗೆ ಹಿಡಿಯುವಂತೆ ಮಾಡುವ ದ್ರವ) ಹಾಕಿದರೂ ವಾರದಲ್ಲಿ ಬುಡ ಏಳುತ್ತದೆ. ಪೊರೆ ಕೆರೆದು, ಧೂಳು ಒರೆಸಿ, ಎಣ್ಣೆ, ನೀರಿನ ಅಂಶ ತೆಗೆಯುವ ಡಿಹೈಡ್ರೇಟರ್ ಹಾಕಿ, ಆಮೇಲೆ ಪ್ರೈಮರ್. ಅದೂ ಬ್ರಷ್ ಅನ್ನು ಟಿಶ್ಯೂಗೆ ಒತ್ತಿ, ಉಗುರಿನ ಮಧ್ಯೆ ಒಂದು ಚುಕ್ಕೆ ಇಟ್ಟರೆ ಸಾಕು, ತಾನೇ ಹರಡುತ್ತದೆ. ಆಸಿಡ್ ಪ್ರೈಮರ್ ಚರ್ಮಕ್ಕೆ ತಾಗಿದರೆ ಸುಡುತ್ತದೆ.

ಇನ್ನು ಬಿಳಿ. ಪಿಂಕ್ ಅಂಡ್ ವೈಟ್‌ನಲ್ಲಿ ಕಲಿಯುವವರು ಸೋಲುವುದು ಮಣಿಯ ಹದದಲ್ಲಿ. ಒಂದೂವರೆ ಪಾಲು ಲಿಕ್ವಿಡ್‌ಗೆ ಒಂದು ಪಾಲು ಪೌಡರ್, ಇದು ಲೆಕ್ಕ. ಕಣ್ಣಿಗೆ ಹೇಳುವುದಾದರೆ, ಮಣಿ ಬ್ರಷ್ ಮೇಲೆ ದುಂಡಗೆ ಹೊಳೆಯುತ್ತ ನಿಲ್ಲಬೇಕು, ಉಗುರಿನ ಮೇಲಿಟ್ಟಾಗ ಅಂಚು ನಿಧಾನ ಇಳಿಯಬೇಕು. ಇಟ್ಟ ಕ್ಷಣ ಹರಿದರೆ ಲಿಕ್ವಿಡ್ ಹೆಚ್ಚು. ಒಣ ಉಪ್ಪಿಟ್ಟಿನ ಹಾಗೆ ಉದುರಿದರೆ ಪೌಡರ್ ಹೆಚ್ಚು, ಅದು ಒಳಗೆ ಪೂರ್ತಿ ಕೂಡುವುದಿಲ್ಲ, ಚಕ್ಕೆ ಏಳುತ್ತದೆ. ಒದ್ದೆ ಮಣಿ ಅದಕ್ಕಿಂತ ಕೆಟ್ಟದ್ದು: ಗಟ್ಟಿಯಾಗದ ಲಿಕ್ವಿಡ್ ಚರ್ಮಕ್ಕೆ ಹರಿದು ಅಲರ್ಜಿ ತರುತ್ತದೆ. ಹೆಬ್ಬೆರಳ ಗುಳ್ಳೆಯ ಮೂಲ ಇದು. ಮೆಥಾಕ್ರಿಲೇಟ್ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದೆ ಹಲ್ಲಿಗೆ ತುಂಬುವ ವಸ್ತುವಿಗೂ ತೊಂದರೆ ಕೊಡಬಹುದು. ಹಾಕುವವರಿಗೂ ಇದು ಬರುತ್ತದೆ, ಬ್ರಷ್ ತುದಿಯನ್ನು ಬೆರಳಲ್ಲಿ ಚೂಪು ಮಾಡುವ ಚಾಳಿ ಇದ್ದವರಿಗೆ ಬೇಗ.

ಗೆರೆ ಬರೆಯುವ ಕ್ರಮ ಹೀಗೆ. ಬಿಳಿ ಮಣಿಯನ್ನು ತುದಿಯ ನಡುವೆ ಇಡಿ. ಬ್ರಷ್‌ನ ಹೊಟ್ಟೆಯಿಂದ ಒತ್ತಿ ಎಡಕ್ಕೆ, ಬಲಕ್ಕೆ ತಳ್ಳಿ. ಎರಡೂ ಬದಿಯ ಕಿವಿಗಳನ್ನು, ಅಂದರೆ ಸ್ಮೈಲ್ ಲೈನಿನ ಎರಡು ತುದಿಗಳನ್ನು ಮೊದಲು ಒಂದೇ ಎತ್ತರಕ್ಕೆ ತನ್ನಿ, ಗೆರೆ ಆಮೇಲೆ. ಬ್ರಷ್ ಒರೆಸಿ, ತುದಿಯನ್ನಷ್ಟೇ ಲಿಕ್ವಿಡ್‌ಗೆ ತಾಗಿಸಿ, ಮತ್ತೆ ಟಿಶ್ಯೂಗೆ ಒತ್ತಿ, ಕಿವಿಯಿಂದ ನಡುವಿನ ಕಡೆಗೆ ಒಂದೇ ಎಳೆತ. ಬಿಳಿ ಆ ಜಾಗದಲ್ಲಿ ಪುಟ್ಟ ಗೋಡೆಯ ಹಾಗೆ ನೆಟ್ಟಗೆ ನಿಲ್ಲಬೇಕು. ಇಳಿಜಾರಾದರೆ ಮೇಲೆ ಬರುವ ಪಿಂಕ್ ಅದರೊಳಗೆ ಕಲಸಿ ಗೆರೆ ಮಸುಕಾಗುತ್ತದೆ. ಬಿಳಿ ಕೂತ ಮೇಲೆಯೇ ಪಿಂಕ್. ಪಿಂಕ್ ಮಣಿಯನ್ನು ಗೋಡೆಗೆ ತಾಗಿಸಿ, ಬುಡದ ಕಡೆ ಚರ್ಮದಿಂದ ಒಂದು ಎಳ್ಳುಕಾಳಿನಗಲ ಜಾಗ ಬಿಟ್ಟು ತೆಳುವಾಗಿ ಇಳಿಸಿ. ದಪ್ಪ ಇರಬೇಕಾದದ್ದು ನಡುವಿನ ಉಬ್ಬಿನಲ್ಲಿ. ತುದಿ ಎಟಿಎಂ ಕಾರ್ಡಿನಷ್ಟು ಸಾಕು. ಉಬ್ಬು ಇಲ್ಲದ ಸಪಾಟು ಉಗುರು ಸರಿಯಾಗಿ ಸ್ಮೈಲ್ ಲೈನಿನಲ್ಲೇ ಬಿರುಕು ಬಿಡುತ್ತದೆ.

ನಮ್ಮ ಕಡೆ ಇನ್ನೊಂದು ಪಾಠ ಬೇಕು, ಬಿಸಿಲಿನದ್ದು. ಯೂಟ್ಯೂಬಿನ ವಿಡಿಯೊಗಳು 22-23 ಡಿಗ್ರಿ ಕೋಣೆಯಲ್ಲಿ ಮಾಡಿದವು. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ಅಂದರೆ ಹೊರಗೆ 40 ದಾಟಿರುತ್ತದೆ, ಅದರ ಮೇಲೆ ಕರೆಂಟ್ ಹೋದರೆ ಏಸಿಯೂ ಇಲ್ಲ. ಬಿಸಿಯಲ್ಲಿ ಅಕ್ರಿಲಿಕ್ ಬೇಗ ಗಟ್ಟಿಯಾಗುತ್ತದೆ, ಕಿವಿ ಸರಿಮಾಡುವಷ್ಟರಲ್ಲಿ ಗೋಡೆ ಕೂತಿರುತ್ತದೆ. ಆಗ ಹೆಚ್ಚಿನವರು ಮಾಡುವುದು ಮಣಿಗೆ ಲಿಕ್ವಿಡ್ ಏರಿಸುವುದು, ಅಂದರೆ ಮೇಲೆ ಹೇಳಿದ ಅಲರ್ಜಿಯ ದಾರಿ. ಬದಲಿಗೆ ಮಣಿ ಚಿಕ್ಕದು ಮಾಡಿ, ಬಿಳಿಯನ್ನು ಎರಡು ಸಲ ಇಡಿ. ಒಮ್ಮೆಗೆ ಒಂದೇ ಬೆರಳು. ಬೆಳಿಗ್ಗೆ ಹತ್ತರೊಳಗೆ ಅಪಾಯಿಂಟ್‌ಮೆಂಟ್ ಕೊಡಿ. ಲಿಕ್ವಿಡ್ ಅನ್ನು ಮುಚ್ಚಳವಿರುವ ಪುಟ್ಟ ಬಟ್ಟಲಿಗೆ ಬೇಕಾದಷ್ಟೇ ಹಾಕಿ, ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಬಾಟಲಿ ತಂಪು, ಕತ್ತಲ ಜಾಗದಲ್ಲಿರಲಿ. ಹಾಂ, ಅದರ ಆವಿಗೆ ಬೆಂಕಿ ತಗಲುತ್ತದೆ. ಗಲ್ಲಾದ ಮೇಲಿನ ಊದಿನಕಡ್ಡಿ ಕೆಲಸದ ಮೇಜಿನ ಹತ್ತಿರ ಬೇಡ.

ಗಟ್ಟಿಯಾಯಿತೋ ಇಲ್ಲವೋ ಅಂತ ತಿಳಿಯಲು ಬ್ರಷ್‌ನ ಹಿಡಿಯಿಂದ ತಟ್ಟಿ, ಟಕ್ ಅಂತ ಸದ್ದು ಬಂದ ಮೇಲೆ ಫೈಲ್ ಮುಟ್ಟಿ. 100 ಗ್ರಿಟ್‌ನಲ್ಲಿ ಆಕಾರ, 180ರಲ್ಲಿ ನಯ, ಆಮೇಲೆ ಬಫರ್.

ಮದುಮಗಳಿಗೆ ಹಾಕುವಾಗ ಅರಿಶಿನ ಶಾಸ್ತ್ರ ಯಾವತ್ತು ಅಂತ ಕೇಳಿ. ಬಿಳಿ ಅಕ್ರಿಲಿಕ್ ಮೇಲೆ ಟಾಪ್ ಕೋಟ್ ಇಲ್ಲದಿದ್ದರೆ ಅರಿಶಿನ ಹಿಡಿದು ತುದಿಗಳೆಲ್ಲ ಹಳದಿ. ಶಾಸ್ತ್ರ ಮುಗಿಸಿ ಹಾಕಿಸುವುದೇ ಸರಿ. ರೊಟ್ಟಿ ಬಡಿಯುವ ಕೈಗೆ ಉದ್ದ ಬೇಡ. ಹೊರಚಾಚಿದ ಭಾಗ ಉಗುರಿನ ಹಾಸಿನ ಅರ್ಧ ದಾಟಿದರೆ ಪ್ರತಿ ಪೆಟ್ಟೂ ಬುಡಕ್ಕೆ ಹೋಗುತ್ತದೆ.

ಹಸಿರು ಕಲೆ ಬೂಷ್ಟಲ್ಲ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಎದ್ದ ಅಕ್ರಿಲಿಕ್‌ನ ಸಂದಿಗೆ ನೀರು ನುಗ್ಗಿ ನಿಂತರೆ ಬೆಳೆಯುತ್ತದೆ. ಕೆಲವರು ಆ ಸಂದಿಗೆ ಅಂಟು ಹಾಕಿ ಮೇಲೆ ಬಿಳಿ ಬಳಿದು ಕಳಿಸುತ್ತಾರೆ, ಆಗ ನೀರೂ ರೋಗಾಣುವೂ ಒಳಗೇ ಬಂದಿ. ಎದ್ದ ಭಾಗವನ್ನು ತೆಗೆಯಲೇಬೇಕು. ಕಲೆ ಕಂಡರೆ ಪೂರ್ತಿ ತೆಗೆಸಿ ಚರ್ಮದ ಡಾಕ್ಟರಿಗೆ ತೋರಿಸಿ. ತೆಗೆಯುವಾಗ ಮೊದಲು ಮೇಲಿನ ದಪ್ಪವನ್ನು ಫೈಲ್ ಮಾಡಿ, ಅಸಿಟೋನ್ ಹತ್ತಿ ಸುತ್ತಿ ಫಾಯಿಲ್ ಕಟ್ಟಿದರೆ ಇಎಂಎ ಅಕ್ರಿಲಿಕ್ ಅರ್ಧ ಗಂಟೆಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಉಗುರಿನ ಟಿಪ್ ತೂರಿಸಿ ಮೀಟಿ ಎಬ್ಬಿಸುವವರಿಗೆ ಕೈ ಕೊಡಬೇಡಿ, ಉಗುರಿನ ಪದರವೂ ಅದರ ಜೊತೆ ಬರುತ್ತದೆ.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಎರಡು ಮೂರು ವಾರಕ್ಕೊಮ್ಮೆ ಬಿಳಿ ಮುಂದೆ ಸರಿದು, ಹಳೇ ಗೆರೆಯನ್ನು ಕೊರೆದು ಹೊಸ ಬಿಳಿ ತುಂಬಬೇಕಾಗುತ್ತದೆ. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಆರು ತಿಂಗಳವರೆಗೂ ಬೇಕು. ಆ ಹುಡುಗಿಯ ಉಂಗುರದ ಬೆರಳಿಗೆ ಪೂರ್ತಿ ಉಗುರು ಬರುವುದು ದೀಪಾವಳಿ ಹೊತ್ತಿಗೆ. ಅಲ್ಲಿಯವರೆಗೆ ಅದರ ಮೇಲೆ ಅಕ್ರಿಲಿಕ್ಕೂ ಇಲ್ಲ, ಜೆಲ್ಲೂ ಇಲ್ಲ.