ಏಜೆನ್ಸಿಗೆ 2 ಸ್ಟಾರ್, ಆ ಮನೆಗೆ 5: ಹೊರದೇಶದಲ್ಲಿ ಮೂರು ತಿಂಗಳ ವಾಲಂಟಿಯರಿಂಗ್

ಚಿಕ್ಕ ವಯಸ್ಸಿಗೇ ತಾಯಿ ಆದ ಹುಡುಗೀರು, ಅವರ ಕೂಸುಗಳು ಇರೋ ಒಂದು ಆಶ್ರಯಮನೆಗೆ ಏಜೆನ್ಸಿ ಮೂಲಕ ಹೋಗಿ ಮೂರು ತಿಂಗಳು ಇದ್ದು ಬಂದೆ. ಹೆಸರು ಹಾಕಲ್ಲ, ಇನ್‌ಬಾಕ್ಸಲ್ಲೂ ಕೇಳ್ಬೇಡಿ.

ಏಜೆನ್ಸಿಯವರ ಜಾಹೀರಾತಲ್ಲಿ ಬರೀ ಮಗು ಎತ್ಕೊಂಡು ನಗ್ತಿರೋ ವಾಲಂಟಿಯರ್‌ಗಳೇ. ನಾನೂ ಅದನ್ನ ನೋಡೇ ದುಡ್ಡು ಕಟ್ಟಿದ್ದು, ಸುಳ್ಳು ಯಾಕೆ ಹೇಳ್ಲಿ. ಹೋದ ಮೊದಲನೇ ದಿನ ಒಂದು ಕೂಸು ಅತ್ತಿದ್ದೇ ತಡ ಎದ್ದು ಎತ್ಕೊಂಡ್ಬಿಟ್ಟೆ, ಅಲ್ಲಿನ ಮೇಲ್ವಿಚಾರಕಿ ಬಂದು ಮೆತ್ತಗೆ, ಅದರ ಅಮ್ಮ ಇಲ್ಲೇ ಇದ್ದಾಳಲ್ಲ, ಅವಳು ಕೇಳಿದ್ರೆ ಮಾತ್ರ ಎತ್ಕೊಳ್ಳಿ ಅಂದ್ರು. ಮುಖ ಇಷ್ಟಾಯ್ತು. ಆಮೇಲೆ ಅರ್ಥ ಆಯ್ತು, ಇವತ್ತು ನಾನು ನಾಳೆ ಇನ್ನೊಬ್ರು ಅಂತ ಕೈ ಬದಲಾಗ್ತಾ ಇದ್ರೆ ಮಗು ಯಾರನ್ನ ಹಚ್ಕೋಬೇಕು, ಮೊದಲೇ ನನ್ನ ಕೈಲಿ ಆಗಲ್ಲ ಅಂತ ಹೆದರಿರೋ ಹುಡುಗಿಗೆ ನಮ್ಮಂಥವರು ಕಿತ್ಕೊಂಡು ಸಮಾಧಾನ ಮಾಡಿದ್ರೆ ಹೇಗನ್ಸತ್ತೆ ಅಂತ.

ಹಾಗಾದ್ರೆ ಕೆಲಸ ಏನು? ಬಟ್ಟೆ. ರಾಶಿ ರಾಶಿ ಬಟ್ಟೆ. ಪಾತ್ರೆ, ನೆಲ ಒರೆಸೋದು, ಕ್ಲಿನಿಕ್‌ಗೆ ಜೊತೇಲಿ ಹೋಗಿ ಕೂತ್ಕೊಳ್ಳೋದು. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯತ್ತೆ, ರಾತ್ರಿನೂ ಸೇರಿ. ಅಂದ್ರೆ ಬಾಣಂತಿಗೆ ನಿದ್ದೆ ಅನ್ನೋದು ಚೂರು ಚೂರು, ಅವಳ ಪಾಲಿನ ಮಿಕ್ಕ ಕೆಲಸ ನಾವು ಮಾಡಿದ್ರೆ ಆ ಚೂರಲ್ಲಾದ್ರೂ ಮಲಗ್ತಾಳೆ.

ಅಲ್ಲೊಬ್ಳು 16ರ ಹುಡುಗಿ, ಮಗು ಬಾಯಿ ಹಾಕ್ತಾನೇ ಇರ್ಲಿಲ್ಲ, ಎರಡು ದಿನದಿಂದ ಅವಳೂ ಅಳ್ತಿದ್ಲು ಅದೂ ಅಳ್ತಿತ್ತು. ನರ್ಸ್ ಮಗೂನ ಮುಟ್ಲೇ ಇಲ್ಲ, ಪಕ್ಕ ಕೂತು ಬಾಯಲ್ಲೇ ಹೇಳ್ಕೊಟ್ರು: ಮಗು ಹೊಟ್ಟೆ ನಿನ್ನ ಹೊಟ್ಟೆಗೆ ತಾಗ್ಲಿ, ಬಾಯಿ ದೊಡ್ಡದಾಗಿ ತೆರೆಯೋವರೆಗೂ ಕಾಯಿ, ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗನೂ ಬಾಯೊಳಗೆ ಹೋಗ್ಬೇಕು, ಮಗು ಗದ್ದ ಎದೆಗೆ ಒತ್ತಿರ್ಲಿ. ನಾಲ್ಕೈದು ಸಲ ತಪ್ತು. ಆಮೇಲೆ ಗುಟುಕು ಗುಟುಕಾಗಿ ನುಂಗೋ ಸದ್ದು ಕೇಳ್ತು ನೋಡಿ, ಹುಡುಗಿ ಉಸಿರು ಬಿಗಿ ಹಿಡ್ಕೊಂಡು ಕೂತಿದ್ಲು, ಅಲ್ಲಾಡಿದ್ರೆ ಎಲ್ಲಿ ಬಿಟ್ಬಿಡತ್ತೋ ಅಂತ. ನಾನು ಆಗ ಮಾಡಿದ್ದ ಮಹಾನ್ ಸಹಾಯ, ಅವಳ ಮೊಣಕೈ ಕೆಳಗೆ ಒಂದು ದಿಂಬು ಇಟ್ಟಿದ್ದು.

ಮಧ್ಯಾಹ್ನ ಅವಳಿಗೇ ಗಣಿತ ಹೇಳ್ಕೊಡ್ತಿದ್ದೆ, ಸ್ಕೂಲಿಗೆ ವಾಪಸ್ ಹೋಗೋ ಆಸೆ ಅವಳಿಗೆ. ತೊಡೆ ಮೇಲೆ ಮಗು, ಮಗು ಬೆನ್ನ ಮೇಲೆ ಎಡಗೈ, ಬಲಗೈಯಲ್ಲಿ ಭಿನ್ನರಾಶಿ. ನಂಗೆ ಅಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದೆ ಅನ್ಸಿದ್ದು ಈ ಒಂದು ಗಂಟೆ.

ಇನ್ನು ಏಜೆನ್ಸಿ. ಎರಡು ವಾರಕ್ಕೂ ಕಳಿಸ್ತೀವಿ ಅಂತಾರೆ, ಭಾಷೆ ನಾಲ್ಕು ಮಾತು ಬರೋಷ್ಟರಲ್ಲಿ ಎರಡು ವಾರ ಮುಗಿದಿರತ್ತೆ, ದಯವಿಟ್ಟು ಹೋಗ್ಬೇಡಿ. ಪೊಲೀಸ್ ವೆರಿಫಿಕೇಶನ್ ಏಜೆನ್ಸಿ ಕೇಳ್ಲೇ ಇಲ್ಲ, ಆ ಮನೆಯವರೇ ಕೇಳಿ ತರಿಸ್ಕೊಂಡ್ರು. ಕಟ್ಟಿದ ದುಡ್ಡಲ್ಲಿ ಆ ಮನೆಗೆ ಎಷ್ಟು ಹೋಯ್ತು ಅಂತ ಮೂರು ಮೇಲ್ ಹಾಕಿದ್ರೂ ಉತ್ತರ ಇಲ್ಲ. ಟೂರಿಸ್ಟ್ ವೀಸಾ ಸಾಕು ಅಂತಾರೆ, ಎಷ್ಟೋ ದೇಶಗಳಲ್ಲಿ ಸಂಬಳ ಇಲ್ಲದ ಕೆಲಸಕ್ಕೂ ಬೇರೆ ವೀಸಾ ಬೇಕು, ನೀವೇ ವಿಚಾರಿಸ್ಕೊಳ್ಳಿ. ಫೋಟೋ ಕಳಿಸಿ ಅಂತ ವಾರಕ್ಕೊಂದು ಮೆಸೇಜ್ ಬೇರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಪ್ಪಂದದಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ ಸ್ವಾಮಿ, ಅಂದ್ರೆ ಆ ಫೋಟೋದಲ್ಲಿ ಇಬ್ರು ಮಕ್ಕಳು ಇರ್ತಾರೆ. ಒಂದೂ ಕಳಿಸ್ಲಿಲ್ಲ.

ನರ್ಸಿಂಗ್, ಕೌನ್ಸೆಲಿಂಗ್, ಟೀಚಿಂಗ್ ಗೊತ್ತಿದ್ದು ಮೂರು ತಿಂಗಳಾದ್ರೂ ಇರೋಕಾಗತ್ತೆ ಅನ್ನೋರು ಇಂಥ ಮನೆಗಳಿಗೇ ನೇರವಾಗಿ ಬರೆದು ಏನು ಬೇಕು ಅಂತ ಕೇಳಿ. ಹೆರಿಗೆ ಆಗಿ ಎರಡು ವಾರ ದಾಟಿದ್ರೂ ಹುಡುಗಿ ಮಂಕಾಗೇ ಇದ್ರೆ ಅದು ಬರೀ ಸುಸ್ತು ಅಂತ ಬಿಡ್ದೆ ಸ್ಟಾಫ್‌ಗೆ ಹೇಳ್ಬೇಕು, ಇಂಥ ಒಂದು ಮಾತೂ ಏಜೆನ್ಸಿ ಟ್ರೈನಿಂಗ್‌ನಲ್ಲಿ ಇರ್ಲಿಲ್ಲ, ಅಲ್ಲಿ ಹೋಗಿ ಕಲಿತಿದ್ದು.

ವಾಪಸ್ ಬಂದ್ಮೇಲೆ ಏಜೆನ್ಸಿ ಫೀಡ್‌ಬ್ಯಾಕ್ ಫಾರಂ ಕಳಿಸ್ತು, ಒಟ್ಟು ಎಷ್ಟು ಮಕ್ಕಳನ್ನ ನೋಡ್ಕೊಂಡ್ರಿ ಅಂತ ಒಂದು ಕಾಲಂ. ಸೊನ್ನೆ ಅಂತ ಹಾಕಿದೆ. ಟೈಪಿಂಗ್ ಮಿಸ್ಟೇಕಾ ಮೇಡಂ ಅಂತ ಫೋನ್ ಬಂತು.