ಮುದ್ದೆ, ಬಸ್ಸಾರು, ಟ್ಯಾಬ್: ವಿಎಸ್ ಕೋಡ್ ಸ್ನಿಪೆಟ್ ಜೊತೆ ಮೂರು ವರ್ಷ

ವಿಎಸ್ ಕೋಡ್ ಅಂದರೆ ಕೋಡ್ ಬರೆಯುವ ಎಡಿಟರ್; ಒಂದು ಚಿಕ್ಕ ಹೆಸರು ಕೊಟ್ಟು ಅದರಲ್ಲಿ ಎತ್ತಿಟ್ಟ ಸಿದ್ಧ ಕೋಡ್ ತುಂಡೇ ಸ್ನಿಪೆಟ್. ಖಾಲಿ ಫೈಲ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ‘ಮುದ್ದೆ’ ಅಂತ ಟೈಪ್ ಮಾಡಿ ಟ್ಯಾಬ್ ಒತ್ತುತ್ತೇನೆ. ಇಡೀ ಎಚ್‌ಟಿಎಂಎಲ್ ಪುಟ (ವೆಬ್ ಪುಟದ ಚೌಕಟ್ಟು) ಬಂದು ಬೀಳುತ್ತದೆ. ಕರ್ಸರ್ ನೇರ ಟೈಟಲ್ ಒಳಗೆ ಹೋಗಿ ಕೂರುತ್ತದೆ. ಹೆಸರು ಬರೆದು ಮತ್ತೆ ಟ್ಯಾಬ್, ವಿವರಣೆಯ ಜಾಗ. ಇನ್ನೊಂದು ಟ್ಯಾಬ್, ಬಾಡಿ. ಅಡಿಯಲ್ಲಿ ಕಾಪಿರೈಟ್ ವರ್ಷ ತಾನೇ ತುಂಬಿಕೊಂಡಿರುತ್ತದೆ. ಮೂರು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ.

ಸಿಎಸ್ಎಸ್ (ಪುಟದ ಅಂದಚಂದದ ಕೋಡ್) ಬೇಕಾದರೆ ‘ಬಸ್ಸಾರು’. ಬೆಲೆ ತೋರಿಸುವ ತುಂಡಿಗೆ ‘ಬೆಲ್ಲ’, ಮಂಡ್ಯದವನು ಇನ್ನೇನು ಇಡಲಿ! ತಮಾಷೆಗೆ ಇಟ್ಟ ಹೆಸರಲ್ಲ. ‘ಕಾರ್ಡ್’, ‘ನ್ಯಾವ್’ ಅಂತ ಇಟ್ಟರೆ ಎಡಿಟರ್ ಕೊಡುವ ಹತ್ತು ಸಲಹೆಗಳ ನಡುವೆ ನಮ್ಮದು ಕಳೆದುಹೋಗುತ್ತದೆ. ಬಸ್ಸಾರಿಗೆ ಅಲ್ಲಿ ಪೈಪೋಟಿಯೇ ಇಲ್ಲ.

ಮೊದಲು ತಿಂಗಳಿಗೆ 300 ರೂಪಾಯಿ ಕೊಟ್ಟು ಸ್ನಿಪೆಟ್ ಇಡಲು ಬೇರೊಂದು ಆ್ಯಪ್ ಬಳಸುತ್ತಿದ್ದೆ. ಒಂದು ತಿಂಗಳು ದುಡ್ಡು ಕಟ್ಟೋದು ಮರೆತೆ, ನನ್ನ ಕೋಡು ನನಗೇ ಬೀಗ. ನನ್ನಂಥ ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟ್ ಮಾಡಿ ಬದುಕುವವನಿಗೆ ಅದು ಆಗದ ಮಾತು. ವಿಎಸ್ ಕೋಡ್ ಸ್ನಿಪೆಟ್ ಸುಮ್ನೆ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಫೈಲು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಪಾಂಡವಪುರದ ಹತ್ತಿರ ನೆಟ್‌ವರ್ಕ್ ಕೈಕೊಟ್ಟರೂ ಮುದ್ದೆ ಸಿಗುತ್ತದೆ.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕನ್ನಡ ಪುಟಗಳಿಗೆ. ಒಂದು ಸ್ವೀಟ್ ಅಂಗಡಿಯ ಕಾರ್ಡಿನಲ್ಲಿ ‘ಕಜ್ಜಾಯ’ ಅನ್ನೋದು ‘ಕಜಾಯ’ ಥರ ಕಾಣುತ್ತಿತ್ತು. ಲೈನ್ ಹೈಟ್ (ಸಾಲಿನ ಎತ್ತರ) 1.2 ಇತ್ತು, ಓವರ್‌ಫ್ಲೋ ಹಿಡನ್ (ಜಾಗ ಮೀರಿದ್ದನ್ನು ಮರೆಮಾಡುವ ಸೂಚನೆ) ಹಾಕಿದ್ದೆ, ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿತ್ತು. 1.6 ಮಾಡಿದೆ, ಸರಿಯಾಯಿತು. ಈಗ ಅದು ಬಸ್ಸಾರಿನೊಳಗೇ ಇದೆ. ಇನ್ನೊಂದು: ದುಂಡನೆ ಐಕಾನಿನಲ್ಲಿ ಹೆಸರಿನ ಮೊದಲ ಅಕ್ಷರ ತೋರಿಸಲು ಹೋದರೆ ‘ಮೈಸೂರು’ ಅನ್ನೋದಕ್ಕೆ ‘ಮೈ’ ಬದಲು ಬರೀ ‘ಮ’ ಬರುತ್ತದೆ. ಜಾವಾಸ್ಕ್ರಿಪ್ಟ್ (ವೆಬ್ ಪುಟದ ಪ್ರೋಗ್ರಾಮಿಂಗ್ ಭಾಷೆ) ಲೆಕ್ಕದಲ್ಲಿ ‘ಮೈಸೂರು’ ಅಂದರೆ 6 ತುಂಡು, ಗುಣಿತದ ಚಿಹ್ನೆಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಪದವನ್ನು ಅಕ್ಷರಗಳಾಗಿ ಬಿಡಿಸುವ ಅದರದೇ ಇಂಟಲ್ ಸೆಗ್‌ಮೆಂಟರ್ ಹಾಕಿದರೆ 3 ತುಂಡು, ಮೊದಲನೆಯದು ಸರಿಯಾಗಿ ‘ಮೈ’. ಪ್ರತಿ ಸಲ ಹುಡುಕುವ ಬದಲು ಇದಕ್ಕೂ ಒಂದು ಸ್ನಿಪೆಟ್ ಮಾಡಿಟ್ಟಿದ್ದೇನೆ.

ಇಷ್ಟೆಲ್ಲ ಹೊಗಳಿದೆ. ಆದರೆ ಸ್ನಿಪೆಟ್ ಬರೆಯೋದಿದೆಯಲ್ಲ, ಅದು ತಲೆನೋವು. ಜೇಸನ್ ಅನ್ನೋ ಕಟ್ಟುನಿಟ್ಟಿನ ನಮೂನೆಯ ಫೈಲು. ಪ್ರತಿ ಸಾಲಿಗೂ ಕೊಟೇಶನ್, ಸಾಲಿನ ಕೊನೆಗೆ ಕಾಮಾ, ಒಳಗೆ ಕೊಟೇಶನ್ ಬಂದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಷ್. ಇಪ್ಪತ್ತು ಸಾಲು ಸೇರಿಸುವಷ್ಟರಲ್ಲಿ ಕಾಫಿ ಆರಿರುತ್ತದೆ.

ಅದಕ್ಕಿಂತ ದೊಡ್ಡದು ಡಾಲರ್ ಚಿಹ್ನೆ. ಸ್ನಿಪೆಟ್ ಭಾಷೆಯಲ್ಲಿ ಡಾಲರಿಗೆ ಅದರದೇ ಅರ್ಥ ಇದೆ. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯಲ್ಲಿ ಪ್ರತಿ ವೇರಿಯಬಲ್ (ಬೆಲೆಯಂಥ ಮೌಲ್ಯ ಹಿಡಿದಿಡುವ ಹೆಸರು) ಶುರುವಾಗೋದೇ ಡಾಲರಿನಿಂದ. ಹಾಗೇ ಬರೆದರೆ ಸ್ನಿಪೆಟ್ ಡಾಲರನ್ನು ನುಂಗಿ ಬರೀ ಹೆಸರನ್ನು ಹಾಕುತ್ತದೆ. ವಿಎಸ್ ಕೋಡ್ ದಾಖಲೆಯಲ್ಲಿ ಇದನ್ನು ಬರೆದಿದ್ದಾರೆ, ಓದದೆ ಇದ್ದವನು ನಾನು. ಆ ಸ್ವೀಟ್ ಅಂಗಡಿಯ ಬೆಲೆಗೆ ಬೆಲ್ಲದೊಳಗೆ ಡಾಲರ್ ಚಿಹ್ನೆ ಸೇರಿಸಿ ‘ರೇಟ್’ ಅಂತ ಬರೆದಿದ್ದೆ, ಕೋಡಿನಲ್ಲಿ ಬರೀ ‘ರೇಟ್’ ಬಿತ್ತು, ಟ್ಯಾಬ್ ಒತ್ತಿ ಮುಂದೆ ಹೋದೆ. ಅಂಗಡಿಯ ಸೈಟ್ ಇದ್ದ ಸರ್ವರಿನಲ್ಲಿದ್ದದ್ದು ಹಳೆಯ ಪಿಎಚ್‌ಪಿ 7. 8 ಆಗಿದ್ದರೆ ದೋಷ ಕೊಟ್ಟು ಅಲ್ಲೇ ನಿಲ್ಲುತ್ತಿತ್ತು, ನನಗೆ ಗೊತ್ತಾಗುತ್ತಿತ್ತು. 7 ಒಂದು ಎಚ್ಚರಿಕೆ ಕೊಟ್ಟು ಆ ಪದವನ್ನೇ ಅಚ್ಚು ಮಾಡುತ್ತದೆ. ಎಚ್ಚರಿಕೆ ತೋರಿಸೋದನ್ನು ನಾನೇ ಆಫ್ ಮಾಡಿದ್ದೆ.

ಮಾರನೇ ದಿನ ಅಂಗಡಿಯ ಅಣ್ಣ ಫೋನ್ ಮಾಡಿದರು. “ಏನಪ್ಪಾ, ಬೆಳಗ್ಗೆಯಿಂದ ಗಿರಾಕಿಗಳೆಲ್ಲ ರೇಟ್ ಎಷ್ಟು, ರೇಟ್ ಎಷ್ಟು ಅಂತಾವ್ರೆ. ನೀನು ಅಲ್ಲಿ ರೇಟ್ ಅಂತ ಬರೆದಿದ್ದೀಯ, ರೇಟೇ ಹಾಕಿಲ್ವಲ್ಲ?” ತೆರೆದು ನೋಡಿದರೆ, ಮೈಸೂರ್ ಪಾಕ್, ಅರ್ಧ ಕೆಜಿ, ರೂ. ರೇಟ್. ಕಜ್ಜಾಯ, ರೂ. ರೇಟ್. ಇಡೀ ಪುಟ ಹಾಗೇ.

ಡಾಲರ್ ಹಿಂದೆ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿದರೆ ಮುಗೀತು, ಅಷ್ಟೇ. ಈ ಫೈಲಿನಲ್ಲಿ ಕಾಮೆಂಟ್ ಬರೆಯಲು ಬಿಡುತ್ತಾರೆ, ಅದೊಂದು ಪುಣ್ಯ. ಬೆಲ್ಲದ ಮೇಲೆ ಈಗ ಒಂದು ಸಾಲು ಇದೆ: “ಎರಡು ಸ್ಲ್ಯಾಷ್. ಅಣ್ಣನ ಫೋನ್ ನೆನಪಿದೆಯಾ?”