ಅಟ್ಟದಿಂದ ಟ್ರಂಕ್ ಇಳಿಸಿದ ಮೇಲೆ: ಒಂಟಿ ಯುದ್ಧದಾಟಕ್ಕೆ ಮೂರು ರೂಲ್‌ಬುಕ್

ಧಾರವಾಡದಲ್ಲಿ ಜುಲೈ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಅಂಥ ಒಂದು ರವಿವಾರ ಅಟ್ಟದ ಮೇಲಿನ ತಗಡಿನ ಟ್ರಂಕ್ ಇಳಿಸಿದೆ. ಪುಟ್ಟ ಗೊಂಬೆಗಳನ್ನಿಟ್ಟು, ದಾಳ ಹಾಕಿ ಒಬ್ಬನೇ ಆಡುವ ಯುದ್ಧದಾಟದ ಸಾಮಾನು ಅದರಲ್ಲಿತ್ತು. ಹುಬ್ಬಳ್ಳಿಯ ನೌಕರಿ, ಎರಡು ಹೊತ್ತಿನ ಬಸ್ಸು, ಮನೆಯಲ್ಲಿ ಕೂಸು, ಹೀಗೆ ಮೂರು ವರ್ಷ ಅದನ್ನು ಮುಟ್ಟಿರಲಿಲ್ಲ. ಒಳಗೆ 28 ಮಿಲಿಮೀಟರಿನ ನಲವತ್ತು ಗೊಂಬೆ, ದಾಳದ ಚೀಲ, ಟೇಲರ್ ಟೇಪು, ಒಂದು ನೋಟ್‌ಬುಕ್. ಅದರ ಕೊನೆಯ ಸಾಲು: ‘ಬಸ್ಯಾಗೆ ಗಾಯ, ಇನ್ನೆರಡು ಸರದಿ ಹೊರಗೆ. ಹಡಗಿನ ಸಾಲ ತೀರಿಲ್ಲ.’ ಬಸ್ಯಾ ಎಂದರೆ ಆಟದಲ್ಲಿ ನನ್ನ ತಂಡದ ಒಬ್ಬ.

ಆ ಸಾಲು ಓದಿದ ಕೂಡಲೇ ಆಡಬೇಕೆನಿಸಿತು. ಆದರೆ ನಿಯಮಗಳು ಅರ್ಧ ಮರೆತಿದ್ದವು. ಹಾಗಾಗಿ ಮಳೆಗಾಲವಿಡೀ ಮೂರು ಆಟಗಳನ್ನು ಪಾಳಿ ಹಚ್ಚಿ ಆಡಿದೆ. ಅವ್ವ ಹೊಲಿದ ಕೌದಿಯೇ ಮೈದಾನ, ಪೇಢೆ ಡಬ್ಬಿಗಳೇ ಮನೆಗಳು. ಕೂಸು ಮಲಗಿದ ಮೇಲೆ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ, ಅಷ್ಟೇ ಹೊತ್ತು.

ಮೊದಲು ವನ್ ಪೇಜ್ ರೂಲ್ಸ್. ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ, ಕೆಲವೇ ಪುಟ. ಆರು ಮುಖದ ದಾಳ ಸಾಕು. ಪ್ರತಿ ಗೊಂಬೆಗೆ ನೆನಪಿಡಬೇಕಾದ ಮುಖ್ಯ ಅಂಕಿ ಎರಡು: ಎಷ್ಟು ಬಿದ್ದರೆ ಪೆಟ್ಟು ತಾಗುತ್ತದೆ, ಎಷ್ಟು ಬಿದ್ದರೆ ಪೆಟ್ಟು ತಪ್ಪುತ್ತದೆ. ಹತ್ತು ನಿಮಿಷದಲ್ಲಿ ಆಟ ಶುರು. ಎರಡೂ ಕಡೆ ನಾನೇ ಆಡಿದೆ. ಕೈ ಪಳಗಿತು, ಮನಸ್ಸು ತಾಗಲಿಲ್ಲ. ಯಾರು ಗೆದ್ದರೂ ನನಗೆ ಅಷ್ಟೇ ಆಗಿತ್ತು.

ರೇಂಜರ್ಸ್ ಆಫ್ ಶ್ಯಾಡೋ ಡೀಪ್ ಶುರುವಿನಿಂದಲೇ ಒಬ್ಬರಿಗಾಗಿ ಅಥವಾ ಒಂದೇ ಪಕ್ಷದ ಗೆಳೆಯರಿಗಾಗಿ ಬರೆದ ಆಟ. ಮೂರು ಅಡಿ ಚೌಕ ಜಾಗ ಸಾಕು. ‘ಇಂದು ಏನಾಡಲಿ’ ಎಂಬ ಚಿಂತೆಯಿಲ್ಲ, ಕಾರ್ಯಾಚರಣೆಗಳು ಪುಸ್ತಕದಲ್ಲೇ ಇವೆ. ಸುಳಿವು, ಅನಾಹುತಗಳೆಲ್ಲ ಇಸ್ಪೀಟು ಎಲೆಯಿಂದ ಹೊರಬರುತ್ತವೆ. ಎಲೆ ತಿರುವುವಾಗ ಆಗುವ ಪುಕುಪುಕು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ಆಟ ಬಿಟ್ಟು ಮರಳಿ ಬಂದವರಿಗೆ ಮೊದಲ ಹದಿನೈದು ದಿನಕ್ಕೆ ಇದನ್ನೇ ಹೇಳುತ್ತೇನೆ. ವೈರಿಗಳಾಗಿ ಬರುವ ಜೇಡಗಳಿಗೆ ನನ್ನ ಬಳಿ ಗೊಂಬೆ ಇರಲಿಲ್ಲ, ಹುಣಸೆಬೀಜ ಇಟ್ಟೆ. ಉಳಿದ ವೈರಿಗಳನ್ನು ದಪ್ಪ ಹಾಳೆಯ ಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ನಾಣ್ಯಕ್ಕೆ ಅಂಟಿಸಿದೆ. (ಬಣ್ಣಕ್ಕೆ ಮೊದಲು ಗೊಂಬೆಗೆ ಹೊಡೆಯುವ ಸ್ಪ್ರೇ ಪ್ರೈಮರನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ತೇವದ ಹವೆಗೆ ಗೊಂಬೆಯ ಮೇಲೆ ಬೂದಿ ಹಿಡಿದಂತಾಗುತ್ತದೆ. ದಸರಾ ತನಕ ತಾಳಿ.)

ಕೈಗೆ ಕೈ ಹತ್ತಿದಾಗ ಮಾತ್ರ ಈ ಆಟ ನನಗೆ ಒಗ್ಗುವುದಿಲ್ಲ. ಇಬ್ಬರೂ ಇಪ್ಪತ್ತು ಮುಖದ ದಾಳ ಹಾಕುತ್ತಾರೆ, ಕಾದಾಟದ ಅಂಕಿ ಕೂಡಿಸುತ್ತಾರೆ, ಹೆಚ್ಚು ಬಂದವನ ಮೊತ್ತದಿಂದ ಸೋತವನ ಕವಚದ ಅಂಕಿ ಕಳೆದರೆ ಉಳಿದದ್ದೇ ಪೆಟ್ಟು. ನಾಲ್ಕು ರಾತ್ರಿ ಜೋಪಾನ ಮಾಡಿದ ಸಂಗಾತಿ ಒಂದೇ ದಾಳಕ್ಕೆ ಬಿದ್ದ. ಅವನನ್ನು ಉಳಿಸಲು ಆ ಕ್ಷಣ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಅದೇ ನನಗೆ ಸಂಕಟ.

ಫೈವ್ ಪಾರ್ಸೆಕ್ಸ್ ಫ್ರಮ್ ಹೋಮ್ ಆಡುವಾಗ ಆ ಸಂಕಟ ಕಡಿಮೆ. ಆರು ಜನರ ತಂಡ, ಬಾಹ್ಯಾಕಾಶದ ಅಂಚಿನಲ್ಲಿ ಹೊಟ್ಟೆಪಾಡು. ಪ್ರತಿ ಸುತ್ತಿಗೆ ಮೊದಲು ತಲೆಗೊಂದರಂತೆ ದಾಳ ಹಾಕಿ, ಯಾವ ದಾಳ ಯಾರಿಗೆ ಎಂದು ನಾವೇ ಹಂಚಬೇಕು. ದಾಳದ ಅಂಕಿ ಅವರ ಚುರುಕಿನ ಅಂಕಿಯನ್ನು ಮೀರದಿದ್ದರೆ ಅವರು ವೈರಿಗಿಂತ ಮುಂಚೆ ಕದಲುತ್ತಾರೆ, ಉಳಿದವರು ಆಮೇಲೆ. ಒಂದು ರಾತ್ರಿ 1, 1, 2, 4, 5, 6 ಬಿತ್ತು. 2 ಬಿದ್ದ ದಾಳವನ್ನು ಚುರುಕು ಮೂರಿರುವ ಫಕ್ಕೀರವ್ವನಿಗೆ ಕೊಟ್ಟೆ. 1 ಬಿದ್ದ ಎರಡು ದಾಳಗಳಲ್ಲಿ ಒಂದು ಮಲ್ಯಾನಿಗೆ. ಇನ್ನೊಂದು ಗುರಿಕಾರನಿಗೋ, ಬಯಲಲ್ಲಿ ಸಿಕ್ಕಿಬಿದ್ದ ಬಸ್ಯಾನಿಗೋ? ಐದು ನಿಮಿಷ ಕುಳಿತು ಯೋಚಿಸಿದೆ. ವೈರಿಗಳಿಗೂ ಒಂದೊಂದು ಸ್ವಭಾವವಿದೆ: ಕೆಲವರು ಮೈಮೇಲೆ ಬರುತ್ತಾರೆ, ಕೆಲವರು ಗೋಡೆ ಬಿಟ್ಟು ಕದಲುವುದಿಲ್ಲ. ಎರಡೂ ಕಡೆ ನಾನೇ ಆಡಿದ ಭಾವ ಬರುವುದಿಲ್ಲ.

ಲೆಕ್ಕ ಮಾತ್ರ ಬಹಳ. ಕಾಳಗ ಮುಗಿದ ಮೇಲೆ 14 ಹಂತ: ಸಂಬಳ, ಲೂಟಿ, ಗಾಯ, ಅನುಭವ, ಹಳೇ ವೈರಿ ಬೆನ್ನು ಬಿಟ್ಟನೋ ಇಲ್ಲವೋ. ಒಂದು ತಾಸು ಕಾಳಗವಾದರೆ ಮುಕ್ಕಾಲು ತಾಸು ಬರವಣಿಗೆ. ನಿದ್ದೆಗೆಟ್ಟ ಕಣ್ಣಿಗೆ ಇದು ಕಷ್ಟವೇ. ಆದರೂ ಮೂರು ವರ್ಷದ ಮೇಲೆ ಬಸ್ಯಾ ಎಲ್ಲಿ ಮಲಗಿದ್ದಾನೆ, ಸಾಲ ಎಷ್ಟಿದೆ ಎಂದು ತಿಳಿದದ್ದು ಆ ಬರವಣಿಗೆಯಿಂದಲೇ. ರೇಂಜರ್ಸ್‌ನ ಹಳೇ ಹಾಳೆಯಲ್ಲಿ ನನಗೆ ಸಿಕ್ಕದ್ದು ಬರೀ ಅಂಕಿಗಳು. ನಾನು ಉಳಿಸಿಕೊಂಡದ್ದು ಫೈವ್ ಪಾರ್ಸೆಕ್ಸ್.

ಗುರಿಕಾರನಿಗೋ ಬಸ್ಯಾನಿಗೋ ಎಂದು ಆ ರಾತ್ರಿ ದಾಳ ಹಿಡಿದು ಗೊಣಗುತ್ತಿದ್ದಾಗ ಅವ್ವ ಎದ್ದು ಬಂದಳು.

‘ಯಾರ ಜೋಡಿ ಜಗಳಾಡಾಕತ್ತಿಯೋ ತಮ್ಮಾ, ಇಷ್ಟ ರಾತ್ರ್ಯಾಗ?’

‘ಯಾರ ಜೋಡಿನೂ ಇಲ್ಲವ್ವಾ. ಬಸ್ಯಾನ್ನ ಉಳಸಾಕತ್ತೀನಿ.’

ಬೆಳಿಗ್ಗೆ ರೊಟ್ಟಿ ಬಡಿಯುತ್ತ ತಾನಾಗಿಯೇ ಕೇಳಿದಳು, ‘ಬಸ್ಯಾ ಉಳದನೇನೋ?’

ಉಳಿದಿದ್ದಾನೆ. ಈ ಶನಿವಾರ ಮತ್ತೆ ಕೌದಿಯ ಮೇಲೆ.